ಹಿಂದ ಉಳಿದಾಕಿಗೆ ಯಾವ ದೇಶ?

ಈಗೀಗ ಯಾರ ಮನಿಗೆ ಹೋದರೂ ಒಂದ ಸುದ್ದಿ. ಗಂಡಸರು ರಿಟೈರ್ ಆಗಲಿಕ್ಕೆ ಇನ್ನೂ ಎರಡ ವರ್ಷ ಇರೋದ್ರೊಳಗ ಮೊಬೈಲ್ ಹಿಡಕೊಂಡು ಕೂತು ಥೈಲ್ಯಾಂಡ್, ಮಲೇಷ್ಯಾ, ಫಿಲಿಪ್ಪೀನ್ಸ್, ಶ್ರೀಲಂಕಾ ಅಂತ ದೇಶ ಹುಡುಕಲಿಕ್ಕೆ ಹತ್ತತಾರ. ಮೊದಲ ಹಿಂಗ ಇರಲಿಲ್ಲ. ರಿಟೈರ್ ಆದವರು ಕಾಶಿಗೆ ಹೋಗಿ ಬರತಿದ್ರು, ಮಂತ್ರಾಲಯದಾಗ ನಾಕ ದಿನ ಸೇವಾ ಮಾಡತಿದ್ರು, ಇಲ್ಲಾಂದ್ರ ಬೆಂಗಳೂರಿಗೆ ಮಗನ ಮನಿಗೆ ಹೋಗಿ ಮೊಮ್ಮಕ್ಕಳನ್ನ ಸಾಲಿಗೆ ಬಿಟ್ಟು ಬರತಿದ್ರು. ಈಗ ಪಾಸ್‌ಪೋರ್ಟ್ ಎಲ್ಲಾರ ಕಪಾಟಿನ್ಯಾಗೂ ಅದ, ಮಕ್ಕಳು ಹೊರಗ ಇದ್ದಾರ, ಹಿಂಗಾಗಿ ವಿಚಾರನೂ ಹೊರಗ ಹೋಗೇದ.

ನಮ್ಮ ಮನ್ಯಾಗೂ ಈ ಮಾತು ಶುರು ಆಗಿ ಆರ ತಿಂಗಳಾತು. ನಮ್ಮನಿಯವರು ಬರೋ ವರ್ಷ ರಿಟೈರ್ ಆಗ್ತಾರ. ಕೇಂದ್ರ ಸರ್ಕಾರದ ನೌಕರಿ, ಹಳೇ ಪಿಂಚಣಿ. ಅವರೂ ಅವರ ಮುಂಜಾನೆ ವಾಕಿಂಗ್ ಗೆಳೆಯರೂ ಕೂಡಿ ಒಂದ ವಹಿ ಮಾಡ್ಯಾರ. ಅದರಾಗ ದೇಶದ ಹೆಸರು, ಬಾಡಗಿ ಎಷ್ಟು, ಹವಾ ಹೆಂಗ, ದವಾಖಾನಿ ಹೆಂಗ, ವೀಸಾಕ್ಕ ಎಷ್ಟು ರೊಕ್ಕ ಇಡಬೇಕು ಅಂತ ಗೆರಿ ಹೊಡದು ಬರದಾರ. ಭಾಳ ಛಲೋ ಕೆಲಸ, ನಾ ಇಲ್ಲ ಅನ್ನೂದಿಲ್ಲ. ಆದ್ರ ಆ ವಹಿ ನಾ ಪೂರ್ತಿ ಓದಿದೆ. ಅದರಾಗ ಒಂದ ಕಾಲಂ ಇಲ್ಲ. ಇಬ್ಬರಾಗ ಒಬ್ಬರು ಹೋದ ಮ್ಯಾಲೆ ಉಳಿದವರ ಗತಿ ಏನು ಅನ್ನೋ ಕಾಲಂ.

ಇದನ್ನ ಅಪಶಕುನದ ಮಾತು ಅಂತ ತಿಳಕೋಬ್ಯಾಡ್ರಿ, ಇದು ಲೆಕ್ಕದ ಮಾತು. ನಮ್ಮ ಪೈಕಿ ಮನಿಗೋಳೊಳಗ ಗಂಡ ಹೆಂಡತಿಗಿಂತ ನಾಕೈದ ವರ್ಷ ದೊಡ್ಡವರು ಇರ್ತಾರ. ಮ್ಯಾಲೆ ಹೆಂಗಸರ ಆಯುಷ್ಯ ಗಂಡಸರಗಿಂತ ಒಂದೆರಡ ವರ್ಷ ಹೆಚ್ಚ. ಎರಡೂ ಕೂಡಿಸಿದ್ರ, ಹಿಂದ ಒಬ್ಬಾಕಿನ ಉಳಿದು ಆರೇಳ ವರ್ಷ ಬಾಳೇ ಮಾಡೋದು ಬಹುತೇಕ ನಮಗ ಬರೋ ಪಾಳಿ. ಹಂಗಾದ್ರ ದೇಶ ಆರಿಸೋ ಮುಂದ ಮೊದಲನೇ ಪ್ರಶ್ನಿ ಯಾವುದಿರಬೇಕು? ಬಾಡಗಿ ಎಷ್ಟು ಅನ್ನೋದಲ್ಲ. ಗಂಡ ಇಲ್ಲದ ದಿವಸ ಆ ದೇಶ ನನ್ನನ್ನ ಇರಗೊಡ್ತದೋ ಇಲ್ಲೋ ಅನ್ನೋದು. ಈ ಒಂದ ಪ್ರಶ್ನಿ ಹಿಡಕೊಂಡು ಅವರ ವಹಿಯೊಳಗಿನ ದೇಶಗಳನ್ನ ನಾನೂ ಒಮ್ಮೆ ತಿರುವಿ ಹಾಕೇನಿ. ನಿಮ್ಮ ಮುಂದ ಇಡ್ತೀನಿ.

ಥೈಲ್ಯಾಂಡಿಂದನ ಶುರು ಮಾಡೂಣು, ಯಾಕಂದ್ರ ಎಲ್ಲಾರ ಬಾಯಾಗೂ ಅದ ಮೊದಲ ಬರ್ತದ. ದೇಶ ಛಲೋ ಅದ, ಅದರಾಗ ಎರಡ ಮಾತಿಲ್ಲ. ಬ್ಯಾಂಕಾಕಿನ ಸೀಲೋಮ್ ರಸ್ತಾದಾಗ ಮಾರಿಯಮ್ಮನ ಗುಡಿ ಅದ, ನವರಾತ್ರಿ ಬಂದ್ರ ಥಾಯಿ ಮಂದಿನೂ ಆರತಿ ತಟ್ಟಿ ಹಿಡಕೊಂಡು ನಿಂದರತಾರ. ಅದ ಸುಮಾರಿಗೆ ಅವರಲ್ಲೂ ಒಂಬತ್ತ ದಿನದ ಒಂದ ವ್ರತ ಬರ್ತದ. ಅಂಗಡಿ ಮುಂದ ಹಳದಿ ಪತಾಕಿ ಹಚ್ಚಿ 'ಜೇ' ಅಂತ ಬರದಿರ್ತಾರ. 'ಜೇ' ಅಂದ್ರ ಮಾಂಸ, ಮೀನ, ತತ್ತಿ ಅಷ್ಟ ಅಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇಲ್ಲ. ನಮ್ಮ ಚಾತುರ್ಮಾಸದ ಅಡಗಿಗಿಂತ ಬಿಗಿ. ಹಾಲೂ ಇಲ್ಲ ನೋಡ್ರಿ. ಉಳಿದ ದಿನ ಮಾತ್ರ ಎಚ್ಚರ ಇರಬೇಕು, ಬರೇ ಕಾಯಿಪಲ್ಯಾ ಅಂತ ಕೊಟ್ಟದ್ರಾಗೂ ಮೀನಿನ ರಸ ಹಾಕಿರ್ತಾರ.

ಈಗ ಕಾಯ್ದೆ ನೋಡ್ರಿ. 50 ದಾಟಿದವರಿಗೆ ರಿಟೈರ್‌ಮೆಂಟ್ ವೀಸಾ ಅದ. ಅಲ್ಲಿ ಬ್ಯಾಂಕಿನ್ಯಾಗ 8 ಲಕ್ಷ ಬಾತ್ ಇಡಬೇಕು, ಇಲ್ಲಾ ತಿಂಗಳಿಗೆ 65,000 ಬಾತ್ ಆದಾಯ ತೋರಸಬೇಕು. ನಮ್ಮ ರೊಕ್ಕದಾಗ 8 ಲಕ್ಷ ಬಾತ್ ಅಂದ್ರ 20 ಲಕ್ಷ ರೂಪಾಯಿ ದಾಟ್ತದ, 65,000 ಬಾತ್ ಅಂದ್ರ ಒಂದೂವರಿ ಲಕ್ಷದ ಮ್ಯಾಲೆ. ವೀಸಾ ಒಂದ ವರ್ಷದ್ದು, ವರ್ಷಾ ವರ್ಷಾ ಮುಂದುವರಸಬೇಕು. ನಡಬರ್ಕ 90 ದಿನಕ್ಕೊಮ್ಮೆ ನಾವು ಇಂಥಲ್ಲೆ ಇದ್ದೀವಿ ಅಂತ ಇಮಿಗ್ರೇಶನ್ ಆಫೀಸಿಗೆ ತಿಳಸಬೇಕು. ಹತ್ತ ವರ್ಷದ ವೀಸಾಗೋಳೊಳಗ ಒಂದು ಜಪಾನ್, ಅಮೆರಿಕಾ, ಇಂಗ್ಲಂಡ್ ಇಂಥಾ 14 ದೇಶದವರಿಗಷ್ಟ. ಆ ಯಾದ್ಯಾಗ ಭಾರತ ಇಲ್ಲ. ಜಾಗಾ ನಮ್ಮ ಹೆಸರಿಲೆ ತಗೊಳ್ಳಲಿಕ್ಕೆ ಬರೂದಿಲ್ಲ. ಅಪಾರ್ಟ್‌ಮೆಂಟ್ ಮಾತ್ರ ತಗೋಬಹುದು, ಅದೂ ಒಂದ ಕಟ್ಟಡದಾಗ ಹೊರಗಿನವರ ಪಾಲು ನೂರಕ್ಕ 49 ದಾಟಿರಬಾರದು.

ಇಷ್ಟೆಲ್ಲಾ ಅವರ ವಹಿಯೊಳಗ ಅದ. ಇಲ್ಲದ್ದು ಇದು. ಸಾಮಾನ್ಯವಾಗಿ ವೀಸಾ ಗಂಡನ ಹೆಸರಿಲೆ ತಗೋತಾರ, ಹೆಂಡತಿ ಅವನ ಅವಲಂಬಿತಳು ಅಂತ ಕೂಡ ಹೋಗ್ತಾಳ. ವೀಸಾಕ್ಕ ಇಡೋ ಆ 8 ಲಕ್ಷ ಬಾತ್ ಯಾರು ವೀಸಾ ಕೇಳ್ತಾರೋ ಅವರೊಬ್ಬರ ಹೆಸರಿಲೆ ಇರಬೇಕು, ಜೋಡಿ ಖಾತೆ ನಡೆಯೂದಿಲ್ಲ. ನಾಳೆ ಅವರಿಗೆ ಏನರೆ ಆತು ಅನ್ರಿ. ಗಂಡನ ವೀಸಾದ ಬೆನ್ನಿಗೆ ಹತ್ತಿದ ಹೆಂಡತಿ ವೀಸಾಕ್ಕ ಆಧಾರ ಹೋತು. ರೊಕ್ಕ ಅವರ ಒಬ್ಬರ ಖಾತೇದಾಗ, ಕೋರ್ಟಿನಿಂದ ವಾರಸದಾರರ ಕಾಗದ ಬರೋತನಕಾ ಅದನ್ನ ಮುಟ್ಟಲಿಕ್ಕೆ ಬರೂದಿಲ್ಲ. ಹತ್ತ ದಿನದ ಕರ್ಮ ಮುಗಿಯೋದ್ರೊಳಗ ಭಾಷಾ ಗೊತ್ತಿಲ್ಲದ ಊರಾಗ ಆಕಿ ಇಮಿಗ್ರೇಶನ್ ಆಫೀಸು, ಬ್ಯಾಂಕು, ವಕೀಲರು ಅಂತ ತಿರಗಬೇಕು. ಮನಿ ಬಾಡಗಿ ಕರಾರೂ ಅವರ ಹೆಸರಿಲೆ ಇದ್ದರ ಮುಗಿದ ಹೋತು.

ಇದಕ್ಕ ಉಪಾಯ ಇಲ್ಲಂತಲ್ಲ. 50 ದಾಟಿದ ಹೆಂಡತಿ ತಾನೂ ಸ್ವಂತ ವೀಸಾ ತಗೋಬಹುದು. ಆದ್ರ ಅದಕ್ಕ ಆಕಿ ಹೆಸರಿಲೆ ಇನ್ನೊಂದು 8 ಲಕ್ಷ ಬಾತ್ ಇಡಬೇಕು. ಅಂದ್ರ ಥೈಲ್ಯಾಂಡಿಗೆ 20 ಲಕ್ಷ ಸಾಕು ಅನ್ನೋ ಮಾತು ಗಂಡಸರ ಲೆಕ್ಕ. ಹೆಂಗಸರನ್ನ ಹಿಡದು ಲೆಕ್ಕ ಮಾಡಿದ್ರ 40 ಲಕ್ಷ.

ಪಿಂಚಣಿದ್ದೂ ಒಂದ ಸಣ್ಣ ಲೆಕ್ಕ ಅದ, ಇದನ್ನ ಎಲ್ಲಾರೂ ತಿಳಕೋಬೇಕು. ಕೇಂದ್ರ ಸರ್ಕಾರದ ಹಳೇ ಪಿಂಚಣಿದಾಗ ಕಡೀ ಮೂಲ ಪಗಾರದ ಅರ್ಧ ಪಿಂಚಣಿ ಬರ್ತದ. ರಿಟೈರ್ ಆದವರು ತೀರಿಕೊಂಡ ಮ್ಯಾಲೆ ಏಳ ವರ್ಷ, ಇಲ್ಲಾ ಅವರಿಗೆ 67 ತುಂಬತಿದ್ದ ದಿನದ ತನಕಾ, ಯಾವುದು ಮೊದಲೋ ಅಲ್ಲೀತನಕಾ ಹೆಂಡತಿಗೆ ಅಷ್ಟ ಬರ್ತದ. ಆಮ್ಯಾಲೆ ಅದು ಮೂಲ ಪಗಾರದ ನೂರಕ್ಕ 30ಕ್ಕ ಇಳೀತದ. ಕಡೀ ಪಗಾರ 1 ಲಕ್ಷ ಇತ್ತಂದ್ರ ಪಿಂಚಣಿ 50,000, ಕುಟುಂಬ ಪಿಂಚಣಿ 30,000. ತುಟ್ಟಿಭತ್ತೆ ಮ್ಯಾಲೆ ಸೇರ್ತದ, ಅದು ಬ್ಯಾರೆ. ಗಂಡ 70ಕ್ಕ ಹೋದರ ಆಕಿಗೆ ಮೊದಲನೇ ದಿನದಿಂದನ 30,000. ಆಕಿ ಆದಾಯ ಐದರಾಗ ಎರಡ ಪಾಲು ಕಡಿಮಿ ಆತು. ಆದ್ರ ಯಾವ ದೇಶದ ವೀಸಾ ಆಫೀಸೂ 'ನೀವು ಒಬ್ಬರ ಉಳದೀರಿ, 65,000 ಬದ್ಲಿ 40,000 ಬಾತ್ ತೋರಸ್ರಿ ಸಾಕು' ಅನ್ನೂದಿಲ್ಲ. ಮನಿ ಬಾಡಗಿನೂ ಅರ್ಧ ಆಗೂದಿಲ್ಲ, ಲೈಟ್ ಬಿಲ್ಲೂ ಅರ್ಧ ಆಗೂದಿಲ್ಲ. ಇಬ್ಬರ ಪಿಂಚಣಿಗೆ ಹೊಂದೋ ದೇಶ ಒಬ್ಬಾಕಿಗೆ ಹೊಂದ್ತದ ಅಂತ ತಿಳಕೊಂಡ್ರ ಲೆಕ್ಕ ಅಲ್ಲೇ ತಪ್ಪತು.

ಮಲೇಷ್ಯಾಕ್ಕ ಬರೂಣು. ನನ್ನ ಮನಸ್ಸಿಗೆ ಹತ್ತಿದ ದೇಶ ಅಂದ್ರ ಇದ. ಪೆನಾಂಗಿನ ಜಾರ್ಜ್‌ಟೌನಿನ್ಯಾಗ ಮಲ್ಲಿಗಿ ಮಾಲಿ, ಬಾಳಿ ಎಲಿ ಊಟ, ಇಡ್ಲಿ, ಸಾರು ಎಲ್ಲಾ ಸಿಗ್ತದ. ತಮಿಳು ಮಂದಿ ನೂರಾರು ವರ್ಷದಿಂದ ಇದ್ದಾರ, ಕಿರಾಣಿ ಅಂಗಡ್ಯಾಗ ಹೆಸರಬ್ಯಾಳಿ, ಹುಣಸಿಹಣ್ಣು, ಹಿಂಗ ಸಿಗ್ತಾವ. ಇಂಗ್ಲಿಷ್ ನಡೀತದ. ಜ್ವಾಳದ ಹಿಟ್ಟು ಮಾತ್ರ ನಾವ ಒಯ್ಯಬೇಕು. ದಿನಾ ರೊಟ್ಟಿ ಬೇಕು ಅನ್ನೋ ಗಂಡಸರು ಈ ಮಾತು ಬರದ ಇಟಗೋರಿ.

ಅಲ್ಲಿದು 'ಮಲೇಷ್ಯಾ ನನ್ನ ಎರಡನೇ ಮನಿ' ಅನ್ನೋ ಯೋಜನಾ, 2002ರಿಂದ ಅದ. ಮೊದಲ ನಮ್ಮಂಥವರಿಗೂ ಒಂದಿಷ್ಟ ಕೈಗೆ ಎಟಕೋ ಹಂಗ ಇತ್ತು. 2021ರಾಗ ಒಮ್ಮೆಲೆ ಬಿಗಿ ಮಾಡಿದ್ರು. ತಿಂಗಳಾ ತೋರಸೋ ಆದಾಯ 10,000 ರಿಂಗಿಟ್ ಇದ್ದದ್ದು 40,000 ಆತು. 2024ರಾಗ ಮತ್ತ ಬದಲಿ ಮಾಡಿ ಬೆಳ್ಳಿ, ಬಂಗಾರ, ಪ್ಲಾಟಿನಂ ಅಂತ ಮೂರ ದರ್ಜಾ ಮಾಡ್ಯಾರ. ಎಲ್ಲಾಕಿಂತ ಕೆಳಗಿನ ಬೆಳ್ಳಿ ದರ್ಜಾಕ್ಕ 1,50,000 ಡಾಲರ್ ಠೇವಣಿ, ಮ್ಯಾಲೆ ಕಡಿಮಿ ಅಂದ್ರ 6 ಲಕ್ಷ ರಿಂಗಿಟ್ಟಿನ ಮನಿ ಕೊಳ್ಳಬೇಕು. ಠೇವಣಿ ಒಂದೂಕಾಲು ಕೋಟಿ ರೂಪಾಯಿ ಆಜೂಬಾಜು, ಮನಿ ಇನ್ನೊಂದು ಕೋಟಿ ದಾಟ್ತದ. ಇಷ್ಟ ಕೊಟ್ಟ ಮ್ಯಾಲೆ ಸಿಗೋ ವೀಸಾ ಐದ ವರ್ಷದ್ದು.

ಇದರಾಗ ನನಗ ಕಾಣೋ ಪಾಠ ರೊಕ್ಕದ್ದಲ್ಲ. ಮೂರ ವರ್ಷದಾಗ ಎರಡ ಸಲ ಕಾಯ್ದೆ ಬದಲಿ ಆತು ಅನ್ನೋದು. ನಾವು 60ನೇ ವರ್ಷಕ್ಕ ಹೋಗಿ 85ರ ತನಕಾ ಇರೋ ವಿಚಾರ ಮಾಡ್ತೀವಿ. 25 ವರ್ಷದಾಗ ಯಾವ ದೇಶದ ಕಾಯ್ದೆ ಹಂಗ ಇರ್ತದ? ಅದು ಅವರ ದೇಶ, ಅವರಿಗೆ ಬೇಕಾದಂಗ ಬದಲಿ ಮಾಡ್ತಾರ, ತಪ್ಪ ಅನ್ನಲಿಕ್ಕೆ ಬರೂದಿಲ್ಲ. ಆದ್ರ 62ಕ್ಕ ಕಾಯ್ದೆ ಬದಲಿ ಆದರ ಗಂಡ ಹೆಂಡತಿ ಕೂಡಿ ಗಂಟ ಕಟ್ಟಿಕೊಂಡು ವಾಪಸ್ ಬರ್ತಾರ. 78ಕ್ಕ ಒಬ್ಬಾಕಿನ ಇದ್ದಾಗ ಬದಲಿ ಆದರ ಯಾರು ಗಂಟ ಕಟ್ತಾರ?

ಫಿಲಿಪ್ಪೀನ್ಸ್ ಸರ್ಕಾರ 1985ರಾಗನ ರಿಟೈರ್ ಆದವರ ಸಲುವಾಗಿ ಒಂದ ಪ್ರಾಧಿಕಾರ ಮಾಡೇದ. ಇಂಗ್ಲಿಷ್ ಎಲ್ಲಾರಿಗೂ ಬರ್ತದ, ಹಿರಿಯರಿಗೆ ಮರ್ಯಾದಿ ಕೊಡೋ ಮಂದಿ. ಅಡಗಿ ಮಾತ್ರ ಹಂದಿ, ಕೋಳಿ, ಮೀನ. ನಮ್ಮಂಥವರು ಮೂರ ಹೊತ್ತೂ ಮನ್ಯಾಗನ ಒಲಿ ಹಚ್ಚಬೇಕು. ರಿಟೈರ್ ಅವರು ಆಗ್ತಾರ, ಒಲಿ ಮುಂದಿನ ನಮ್ಮ ಡ್ಯೂಟಿ ಡಬಲ್ ಆಗ್ತದ. ಮ್ಯಾಲೆ ವರ್ಷಕ್ಕ ಹತ್ತಾರು ಚಂಡಮಾರುತ.

ಶ್ರೀಲಂಕಾ ಹತ್ರ, ಬೆಂಗಳೂರಿಂದ ಕೊಲಂಬೋಕ್ಕ ವಿಮಾನದಾಗ ಕೂತು ಒಂದ ನಿದ್ದಿ ತಗಿಯೋದ್ರೊಳಗ ಮುಟ್ಟತೀವಿ. 55 ದಾಟಿದವರಿಗೆ ಅಲ್ಲೂ ವೀಸಾ ಅದ. ಕೆಂಪ ಅಕ್ಕಿ, ತೆಂಗಿನಕಾಯಿ, ಕರಿಬೇವು, ನಮ್ಮ ಕರಾವಳಿ ಕಡೆ ಅಡಗಿ ಇದ್ದಂಗ. ಆದ್ರ 2022 ಮರೀಬ್ಯಾಡ್ರಿ. ಆ ವರ್ಷ ಏಪ್ರಿಲ್‌ನಾಗ ಸರ್ಕಾರ ಹೊರಗಿನ ಸಾಲಾ ಕಟ್ಟಲಿಕ್ಕೆ ಆಗೂದಿಲ್ಲ ಅಂತ ಕೈ ಎತ್ತಿತು. ಪೆಟ್ರೋಲಿಗೆ, ಗ್ಯಾಸಿಗೆ ಪಾಳಿ, ದವಾಖಾನ್ಯಾಗ ಔಷಧ ಇಲ್ಲ. ದಿನಾ ಬಿಪಿ ಗುಳಿಗಿ, ಸಕ್ಕರಿ ಗುಳಿಗಿ ತಗೊಳ್ಳೋ ನಾವು ಅಂಥಾ ದಿನ ಒಬ್ಬೊಬ್ಬರ ಹೆಂಗ ಪಾಳಿ ಹಚ್ಚೋದು?

ದುಬೈನೂ ಏಷ್ಯಾದಾಗನ ಬರ್ತದ, ಮರೀತೀವಿ. ನಮ್ಮ ಕನ್ನಡ ಮಂದಿ ಅಲ್ಲೆ ಭಾಳ ಇದ್ದಾರ. 55 ದಾಟಿದವರಿಗೆ ಐದ ವರ್ಷದ ರಿಟೈರ್‌ಮೆಂಟ್ ವೀಸಾ ಕೊಡ್ತಾರ. ಜೆಬೆಲ್ ಅಲಿದಾಗ 2022ರಾಗ ಹಿಂದೂ ಗುಡಿ ಆತು, ಅಬುಧಾಬಿದಾಗ 2024ರಾಗ. ಒಂದ ಮಾತು ಅವರದು ನನಗ ಹಿಡಸ್ತು. ಗಂಡ ತೀರಿಕೊಂಡ ಹೆಣ್ಣಮಗಳಿಗೆ ಮತ್ತ ಮಕ್ಕಳಿಗೆ ಬ್ಯಾರೆ ಯಾರ ಆಧಾರ ಇಲ್ದನ ಇನ್ನೊಂದ ವರ್ಷ ಇರಲಿಕ್ಕೆ ಪರವಾನಗಿ ಕೊಡೋ ಕಾಯ್ದೆ 2018ರಾಗ ಮಾಡ್ಯಾರ. ಒಂದ ವರ್ಷ ಅಂದ್ರ ಸಣ್ಣದಲ್ಲ, ಅಷ್ಟರಾಗ ರೊಕ್ಕ ರೂಪಾಯಿ ಹೊಂದಿಸಿಕೊಂಡು ಸಮಾಧಾನಲೆ ಊರಿಗೆ ಬರಬಹುದು. ಖರ್ಚ ಮಾತ್ರ ನಮ್ಮಂಥಾ ಪಿಂಚಣಿದಾರರದಲ್ಲ, ಬಿಸಲೂ ನಮ್ಮ ಕಲಬುರಗಿ ಬಿಸಲಿಗೆ ಅಣ್ಣ.

ಕಡೀಕ ಯಾರ ವಹಿಯೊಳಗೂ ಇಲ್ಲದ ಒಂದ ದೇಶ. ನೇಪಾಳ. 1950ರ ಒಪ್ಪಂದದ್ದರಿಂದ ನಮಗ ಅಲ್ಲೆ ಇರಲಿಕ್ಕೆ ವೀಸಾ ಬೇಕಾಗಿಲ್ಲ. ಗಂಡ ಇದ್ದರೂ ಇರಬಹುದು, ಇಲ್ಲದಿದ್ರೂ ಇರಬಹುದು, ಯಾರ ಬೆನ್ನಿಗೆ ಹತ್ತೋ ಕಾರಣಿಲ್ಲ. ನಮ್ಮ ಒಂದ ರೂಪಾಯಿಗೆ ಅವರದು 1 ರೂಪಾಯಿ 60 ಪೈಸಾ. ಹಿಂದಿ ನಡೀತದ, ಬ್ಯಾಳಿ ಅನ್ನ ದಿನದ ಊಟ. ಪಶುಪತಿನಾಥನ ಗುಡ್ಯಾಗ ಪೂಜಾ ಮಾಡೋ ಭಟ್ಟರು ನಮ್ಮ ಕರ್ನಾಟಕದ ಕಡೆಯಿಂದ ಹೋದವರು, ಅಷ್ಟ ಹಳೇ ಬಳಕಿ. ಆದ್ರ ಮನಿ ಜಾಗಾ ನಮ್ಮ ಹೆಸರಿಲೆ ತಗೊಳ್ಳಲಿಕ್ಕೆ ಬರೂದಿಲ್ಲ, ಥಂಡಿ ಭಾಳ, 2015ರಾಗ ಎಂಥಾ ಭೂಕಂಪ ಆತು ಎಲ್ಲಾರಿಗೂ ಗೊತ್ತದ. ದೊಡ್ಡ ಜಡ್ಡಿಗೆ ಅಲ್ಲಿಯವರ ಎಷ್ಟೋ ಮಂದಿ ದಿಲ್ಲಿಗೆ ಬರ್ತಾರ. ಆದ್ರೂ ನನ್ನ ಪ್ರಶ್ನಿಗೆ 'ಇರವಾ, ಇರು' ಅಂತ ಸರಳ ಉತ್ತರ ಕೊಡೋ ದೇಶ ಇದೊಂದ. ಗಂಡಸರ ಯಾದ್ಯಾಗ ಇದ ಇಲ್ಲ, ಯಾಕಂದ್ರ ಸಮುದ್ರ ಇಲ್ಲ, ಊರಾಗ ಹೇಳಿಕೊಳ್ಳಲಿಕ್ಕೆ ಡೌಲಿಲ್ಲ.

ಹಿಂಗ ಹಿರಿಯರನ್ನ ಹೊರಗ ಕಳಸೋ ವಿಚಾರ ಹೊಸಾದೇನಲ್ಲ. 1986ರಾಗ ಜಪಾನಿನ ವ್ಯಾಪಾರ ಕೈಗಾರಿಕೆ ಖಾತೆಯವರು 'ಸಿಲ್ವರ್ ಕೊಲಂಬಿಯಾ' ಅಂತ ಒಂದ ಯೋಜನಾ ತಗದಿದ್ರು. ರಿಟೈರ್ ಆದ ಜಪಾನಿನವರಿಗೆ ಹೊರದೇಶದಾಗ ಊರ ಕಟ್ಟೋದು, ಅವರ ಪಿಂಚಣಿ ಅಲ್ಲೆ ಸುಖಾ ಕೊಡ್ತದ ಅನ್ನೋದು. ಕಾರು, ಟೀವಿ ಆದ ಮ್ಯಾಲೆ ಈಗ ಮುದುಕರನ್ನೂ ರಫ್ತ ಮಾಡ್ತೀರೇನು ಅಂತ ಟೀಕಾ ಆತು, ಯೋಜನಾ ಹಿಂದ ಬಿತ್ತು. ಮುಂದ ಜಪಾನಿನ ಮಂದಿ ತಾವ ಸ್ವಂತ ಪೆನಾಂಗಿಗೆ, ಚಿಯಾಂಗ್‌ಮಾಯಿಗೆ ಹೋಗಿ ಇರಲಿಕ್ಕೆ ಹತ್ತಿದ್ರು. ಕಾಲಿನ ಮ್ಯಾಲೆ ಓಡ್ಯಾಡೋತನಕಾ ಅಲ್ಲೆ ಇದ್ದು, ಇನ್ನೊಬ್ಬರ ಕೈ ಹಿಡದು ಎಬ್ಬಿಸೋ ಕಾಲ ಬಂದಾಗ ತಿರಗಿ ತಮ್ಮ ಭಾಷಾ ಇರೋ ಊರಿಗೆ ಬಂದವರೂ ಅವರಾಗ ಇದ್ದಾರ. ಅವರ ಹಿಂದ ಅಷ್ಟ ಶ್ರೀಮಂತ ದೇಶ, ಅದರ ವಿಮಾ ಎಲ್ಲಾ ಇತ್ತು. ಆದ್ರೂ ಜಡ್ಡಿನ್ಯಾಗ ಬೇಕಾಗೋದು ತಾಯಿ ಭಾಷಾನ. 'ಎಡಗಡೆ ಪಕ್ಕಿ ಸೆಳೀಲಿಕ್ಕೆ ಹತ್ತೇದ, ಬೆನ್ನಾಗ ಚುಳು ಚುಳು ಅಂತದ' ಅನ್ನೋದನ್ನ ಥಾಯಿ ಡಾಕ್ಟರಿಗೆ ನಾ ಯಾವ ಮಾತಿನ್ಯಾಗ ಹೇಳಲಿ?

ನಮ್ಮ ದೊಡ್ಡ ನಾದಿನಿ ಇದನ್ನ ಕೇಳಿ ಒಂದ ಮಾತು ಅಂದ್ರು. ಅದು ಖರೇನ ಅದ, ಬಿಡಲಿಕ್ಕೆ ಬರೂದಿಲ್ಲ. 'ಇಲ್ಲಿದ್ದರ ಏನ ಮಹಾ ಸುಖಾ? ಮಕ್ಕಳು ಇಲ್ಲೂ ಇಲ್ಲ. ಗಂಡ ಹೋದಾಕಿನ್ನ ಮುತ್ತೈದೆಯರ ಸಾಲಿನ್ಯಾಗ ಕೂಡಸೂದಿಲ್ಲ, ಅರಿಶಿಣ ಕುಂಕುಮಕ್ಕ ಕರಿಯೂದಿಲ್ಲ, ಹೊಸಾ ಸೀರಿ ಉಟ್ಟರ ನಾಕ ಮಂದಿ ತಿರುಗಿ ನೋಡ್ತಾರ. ಅಲ್ಲೆ ಒಬ್ಬಾಕಿನ ಹೋಗಿ ಸಮುದ್ರದ ದಂಡಿಗೆ ಕೂತರ ಯಾರೂ ಕೇಳೂದಿಲ್ಲ' ಅಂದ್ರು. ಅವರು ಎಂಟ ವರ್ಷದಿಂದ ಒಬ್ಬರ ಇದ್ದಾರ, ಹೇಳೋ ಹಕ್ಕ ಅದ. ನಾ ಅವರಿಗೆ ಎದುರ ಮಾತಾಡಲಿಲ್ಲ. ನಮ್ಮ ಓಣ್ಯಾಗ ಒಬ್ಬಾಕಿಗೆ ಗೌರವ ಕಡಿಮಿ ಅನ್ನೋದು ನಮ್ಮ ತಪ್ಪು, ಅದನ್ನ ನಾವ ತಿದ್ದಿಕೋಬೇಕು. ಅದರ ಸಲುವಾಗಿ ಊರ ಬಿಡೋದಿದ್ರ ಆ ಹೊಸಾ ಊರಾಗ ಆಕಿ ಕಾಗದಪತ್ರ ಆಕಿ ಕೈಯಾಗ ಇರಲಿ ಅಷ್ಟ. ಸಮುದ್ರದ ದಂಡಿಗೆ ಬಿಡುಗಡಿಲೆ ಕೂಡಬೇಕಂದ್ರ ವೀಸಾ ಆಕಿ ಹೆಸರಿಲೆ ಬೇಕು. ಇಲ್ಲೆ ಧಾರವಾಡದಾಗ ಜನಾ ಮಾತಾಡಬಹುದು, ಆದ್ರ 'ನಿನ್ನ ಗಂಡ ಹೋದ, ನೀನೂ ಮೂವತ್ತ ದಿನದಾಗ ಜಾಗಾ ಖಾಲಿ ಮಾಡು' ಅನ್ನಲಿಕ್ಕೆ ಯಾರಿಗೂ ಹಕ್ಕಿಲ್ಲ.

ಹಂಗಂತ ಹೋಗೂದ ಬ್ಯಾಡ ಅನ್ನೋ ಪೈಕಿ ನಾ ಅಲ್ಲ. ಮೂವತ್ತೆರಡ ವರ್ಷ ಒಂದ ಅಡಗಿಮನಿ ಕಿಡಕ್ಯಾಗಿಂದ ಒಂದ ಪೇರಲಗಿಡಾ ನೋಡೇನಿ, ನನಗೂ ಬ್ಯಾರೆ ಗಿಡಾ ನೋಡೋ ಆಶಾ ಅದ. ನಮ್ಮನಿಯವರಿಗೆ ನಾ ಹೇಳಿದ್ದು ನಾಲ್ಕ ಮಾತು.

ಒಂದನೇದು, ಧಾರವಾಡದ ಮನಿ ಮಾರೂದಿಲ್ಲ. ಠೇವಣಿಗೆ ರೊಕ್ಕ ಸಾಲದು ಅಂತ ಮನಿ ಮಾರೋ ಮಾತು ವಾಕಿಂಗ್ ಗೆಳೆಯರಾಗ ನಡದದ, ನನಗ ಗೊತ್ತದ. ಕೆಳಗ ಬಾಡಗಿ ಕೊಡೂಣು, ಮ್ಯಾಲಿನ ಎರಡ ಖೋಲಿ ನಮಗ ಇರಲಿ. ಯಾವ ದೇಶ ಬಾಗಲಾ ಹಾಕಿದ್ರೂ ತಗದ ಇರೋ ಬಾಗಲಾ ಒಂದ ಬೇಕು.

ಎರಡನೇದು, ಯಾವ ದೇಶಕ್ಕ ಹೋದರೂ ನನ್ನ ವೀಸಾ ನನ್ನ ಹೆಸರಿಲೆ, ನನ್ನ ಖಾತೆ ನನ್ನ ಹೆಸರಿಲೆ. ರಿಸರ್ವ್ ಬ್ಯಾಂಕಿನ ನಿಯಮದಂಗ ವರ್ಷಕ್ಕ ಒಬ್ಬೊಬ್ಬರು 2,50,000 ಡಾಲರ್ ತನಕಾ ಹೊರಗ ಕಳಸಬಹುದು. ಒಬ್ಬೊಬ್ಬರು ಅಂದ್ರ ಹೆಂಡತಿಗೂ ಬ್ಯಾರೆ ಮಿತಿ ಅದ, ಆಕಿ ಪ್ಯಾನ್ ಕಾರ್ಡಿನ ಮ್ಯಾಲೆ. ವರ್ಷಕ್ಕ 10 ಲಕ್ಷ ದಾಟಿದ ರೊಕ್ಕಕ್ಕ ಬ್ಯಾಂಕಿನವರು ನೂರಕ್ಕ 20 ತೆರಿಗಿ ಮೊದಲ ಹಿಡಕೋತಾರ, ರಿಟರ್ನ್ ತುಂಬಿದಾಗ ಅದನ್ನ ಲೆಕ್ಕಕ್ಕ ಹಿಡೀತಾರ. ಹೊರಗ ಕಾಯಂ ಇರಲಿಕ್ಕೆ ಹೋದರ ಇಲ್ಲಿನ ಸಾದಾ ಖಾತೆನೂ ಎನ್‌ಆರ್‌ಓ ಖಾತೆ ಅಂತ ಬದಲಿ ಮಾಡಸಬೇಕು. ಪಿಂಚಣಿ ಬರಬೇಕಂದ್ರ ನವೆಂಬರ್ ಬಂದ ಕೂಡಲೆ ಬದುಕಿದ್ದೀವಿ ಅಂತ ಪ್ರಮಾಣಪತ್ರ ಕೊಡಬೇಕು. ಇದನ್ನೆಲ್ಲಾ ಇಬ್ಬರೂ ಕೂತು ಮಾಡಬೇಕು, ಅವರೊಬ್ಬರ ಅಲ್ಲ. ಪಿಂಚಣಿ ಕಾಗದದಾಗ ನನ್ನ ಹೆಸರು, ಜನ್ಮ ತಾರೀಖು ಆಧಾರ್ ಕಾರ್ಡಿನಂಗ ಸರಿ ಅವ ಏನು ಅನ್ನೋದನ್ನ ಈಗ ನೋಡಬೇಕು, ಆಮ್ಯಾಲೆ ಅಲ್ಲ.

ಮೂರನೇದು, ಹೋಗಿ ಒಂದ ತಿಂಗಳು ಇದ್ದು ನೋಡಬೇಕು, ಅದೂ ಕೆಟ್ಟ ಹಂಗಾಮಿನ್ಯಾಗ. ಚಿಯಾಂಗ್‌ಮಾಯಿ ಡಿಸೆಂಬರ್‌ನಾಗ ಸ್ವರ್ಗ ಇದ್ದಂಗ ಅಂತಾರ. ಆದ್ರ ಫೆಬ್ರವರಿಯಿಂದ ಏಪ್ರಿಲ್ ತನಕಾ ಸುತ್ತಲಿನ ಹೊಲಾ, ಅಡವಿ ಸುಡತಾವ, ಊರ ತುಂಬ ಹೊಗಿ. ದಮ್ಮಿನವರಿಗೆ ಉಸರ ತಗೊಳ್ಳಲಿಕ್ಕೆ ಆಗೂದಿಲ್ಲ. ಮಲೇಷ್ಯಾದವರು 2023ರ ಡಿಸೆಂಬರ್ 1ರಿಂದ ನಮಗ 30 ದಿನ ವೀಸಾ ಇಲ್ದನ ಬಿಡಲಿಕ್ಕೆ ಹತ್ಯಾರ. ಅಲ್ಲೆ ಹೋಗಿ ಹೋಟೆಲಿನ್ಯಾಗ ಇರಬ್ಯಾಡ್ರಿ, ಒಂದ ತಿಂಗಳಿಗೆ ಮನಿ ಹಿಡೀರಿ. ಕಾಯಿಪಲ್ಯಾ ತರ್ರಿ, ಅಡಗಿ ಮಾಡ್ರಿ, ಕಸಾ ಯಾವಾಗ ಒಯ್ಯತಾರ ಕೇಳ್ರಿ, ಒಂದ ಸಲ ದವಾಖಾನಿಗೆ ಹೋಗಿ ಬಿಪಿ ತೋರಿಸಿ ಎಷ್ಟ ಬಿಲ್ಲ ಆತು ನೋಡ್ರಿ. ನಮ್ಮ ಇಲ್ಲಿನ ಆರೋಗ್ಯ ವಿಮಾ ಸಾಮಾನ್ಯವಾಗಿ ಹೊರದೇಶದಾಗ ನಡೆಯೂದಿಲ್ಲ. ಅಲ್ಲಿ ಹೊಸಾ ವಿಮಾ 70 ದಾಟಿದವರಿಗೆ ಸಿಗೋದು ಕಠಿಣ, ಸಿಕ್ಕರ ಭಾಳ ತುಟ್ಟಿ.

ನಾಲ್ಕನೇದು, ಗಂಡ ಬದುಕಿದ್ದಾಗನ ಒಂದ ವಾರ ಎಲ್ಲಾ ಕೆಲಸ ನಾ ಒಬ್ಬಾಕಿನ ಮಾಡಿ ನೋಡಬೇಕು. ಬ್ಯಾಂಕಿಗೆ ಹೋಗೋದು, ಕರೆಂಟ್ ಬಿಲ್ ಕಟ್ಟೋದು, ಟ್ಯಾಕ್ಸಿ ಕರಿಯೋದು, ವೀಸಾ ಆಫೀಸಿನ್ಯಾಗ ಮಾತಾಡೋದು. ಅವರು ಮನ್ಯಾಗ ಕೂತು ಅನ್ನ ಸಾರು ಮಾಡಿ ಇಡಲಿ. ಇದು ಅವರ ಸಲುವಾಗಿನೂ ಹೌದು. ಮೊದಲ ನಾ ಹೋದರ ಉಳಿಯೋದು ಅವರು, ಅವರಿಗೆ ಕುಕ್ಕರ್ ಎಷ್ಟ ಸೀಟಿ ಹೊಡಸಬೇಕು ಗೊತ್ತಿಲ್ಲ.

ಈ ನಾಲ್ಕು ಮಾತಿಗೆ ನಿಂತು ನೋಡಿದ್ರ ನನ್ನ ಅಭಿಪ್ರಾಯ ಹಿಂಗದ. ನಮ್ಮಂಥಾ ಒಂದ ಪಿಂಚಣಿ ಮನಿಗೋಳು ಕಾಯಂ ಹೋಗಿ ನೆಲಸೋವಂಥಾ ದೇಶ ಈ ಯಾದ್ಯಾಗ ಇಲ್ಲ. ವರ್ಷಕ್ಕ ಒಂದೆರಡ ತಿಂಗಳು ಹೋಗಿ ಇದ್ದು ಬರೋ ದೇಶ ಬೇಕಾದಷ್ಟ ಅವ. ಪೆನಾಂಗ್ ಒಂದ ವರ್ಷ, ಪೋಖರಾ ಒಂದ ವರ್ಷ, ಕ್ಯಾಂಡಿ ಒಂದ ವರ್ಷ. ಕೋಟಿಗಟ್ಟಲೆ ಇದ್ದವರು ಮಲೇಷ್ಯಾ ವಿಚಾರ ಮಾಡ್ರಿ, ಆದ್ರ ಅರ್ಜಿ ಹಾಕೋ ಮುಂದ 'ಮುಖ್ಯ ಅರ್ಜಿದಾರರು ತೀರಿಕೊಂಡ್ರ ಹೆಂಡತಿ ಏನ ಮಾಡಬೇಕು, ಎಷ್ಟ ದಿನದಾಗ, ಎಷ್ಟ ರೊಕ್ಕ' ಅಂತ ಕೇಳಿ ಬರವಣಿಗಿಲೆ ತಗೋರಿ. ಏಜೆಂಟ್ ನಕ್ಕು 'ಅಮ್ಮಾ, ಅದೆಲ್ಲಾ ಆಮ್ಯಾಲೆ ನೋಡೂಣ್ರಿ' ಅಂದ್ರ ಎದ್ದ ಬರ್ರಿ. ಥೈಲ್ಯಾಂಡಿಗೆ ಹೋಗೋರು ಇಬ್ಬರಿಗೂ ಬ್ಯಾರೆ ಬ್ಯಾರೆ ವೀಸಾ ತಗೋರಿ, ಅಷ್ಟ ರೊಕ್ಕ ಇಲ್ಲಾಂದ್ರ ಪ್ರವಾಸಕ್ಕ ಹೋಗಿ ಬರ್ರಿ, ಏನೂ ಕಡಿಮಿ ಆಗೂದಿಲ್ಲ.

ಮಾತು ಎತ್ತಲಿಕ್ಕೆ ನಾಚಬ್ಯಾಡ್ರಿ. ಮದವಿ ಮಾಡಿ ಕೊಡೋ ಮುಂದ ನಮ್ಮ ಅಪ್ಪಂದಿರು ಹುಡುಗನ ಹೊಲಾ ಎಷ್ಟ, ಮನಿ ಹೆಂಗ, ಅತ್ತಿ ಹೆಂಗ ಅಂತ ಎಲ್ಲಾ ಕೇಳೇ ಕೊಟ್ಟರು. ಈಗ ಅರವತ್ತಕ್ಕ ಇನ್ನೊಮ್ಮೆ ಹೊಸಾ ಮನಿಗೆ ಹೊಂಟೀವಿ ಅಂದ್ರ ಕೇಳೋರು ನಾವ ಆಗಬೇಕು. ನಿಮ್ಮಾಗ ಯಾರರೆ ಅಕ್ಕ, ವೈನಿ, ಮಾವಶಿ ಈ ದೇಶಗಳೊಳಗ ಒಂದ ತಿಂಗಳರೆ ಇದ್ದು, ಸ್ವಂತ ಒಲಿ ಹಚ್ಚಿ ಬಂದಿದ್ರ ನನಗ ತಿಳಸ್ರಿ. ಅಲ್ಲಿ ಸಂತ್ಯಾಗ ಮೆಂತೆಪಲ್ಯಾ ಸಿಗ್ತದೋ ಇಲ್ಲೋ, ರಾತ್ರಿ ಎಂಟಕ್ಕ ಒಬ್ಬಾಕಿನ ನಡಕೋತ ಮನಿಗೆ ಬರಲಿಕ್ಕೆ ಆಗ್ತದೋ ಇಲ್ಲೋ, ಬಾಜೂ ಮನಿಯಾಕಿ ಬಾಗಲಾ ಬಡದು ಹೆಂಗಿದ್ದೀರಿ ಅಂತಾಳೋ ಇಲ್ಲೋ, ಈ ಮೂರ ಸುದ್ದಿ ಯಾವ ಏಜೆಂಟೂ ಹೇಳೂದಿಲ್ಲ.